ರಾಶಿಯ ಬೆಲೆ

ಸಂತೆ ಮುಗಿಯುವ ಹೊತ್ತಿಗೆ ತರಕಾರಿ ಮಾರುವವರು ತಕ್ಕಡಿಯನ್ನು ಎತ್ತಿಟ್ಟು, ಉಳಿದ ಬದನೆಕಾಯಿಯನ್ನೋ ಟೊಮೇಟೊವನ್ನೋ ಗುಡ್ಡೆ ಹಾಕಿ ಕೂಗುವುದನ್ನು ನೀವೆಲ್ಲ ಕಂಡಿದ್ದೀರಿ. ತೂಕದ ಲೆಕ್ಕ ಅಲ್ಲಿಗೆ ಮುಗಿಯಿತು. ಇನ್ನು ಗುಡ್ಡೆಯ ಲೆಕ್ಕ. ಕೊಳ್ಳುವವರು ಮೇಲಿನ ಕಾಯಿಯನ್ನು ಸರಿಸಿ ಅಡಿಯಲ್ಲಿ ಏನಿದೆಯೆಂದು ನೋಡಲು ಕೈಹಾಕುತ್ತಾರೆ. ಮಾರುವವರು ಮುಟ್ಟಬೇಡಿ ಎಂದು ಗದರಿಸುತ್ತಾರೆ. ಬಿಡಿಯಾಗಿ ಬೆಲೆ ಕಟ್ಟಬಹುದಾದ ವಸ್ತುವೊಂದು ರಾಶಿಯಾದೊಡನೆ ಅದರ ಬೆಲೆಯ ನ್ಯಾಯವೇ ಬೇರೆಯಾಗಿಬಿಡುತ್ತದೆ. ಈ ನ್ಯಾಯವನ್ನು ಪರೀಕ್ಷಿಸಿ ನೋಡಲು ತರಕಾರಿಗಿಂತಲೂ ಸೊಗಸಾದ ಸರಕೊಂದು ದೂರದ ಅಮೆರಿಕದಲ್ಲಿದೆ. ಅದು ತಿನ್ನಲು ಬಾರದು, ಉಡಲು ಬಾರದು. ಆದರೂ ಅದನ್ನು ಕೊಳ್ಳುವವರು, ಮಾರುವವರು, ಅದಕ್ಕಾಗಿ ಜಗಳವಾಡುವವರು ಬಹುಮಂದಿ. ಆಟಗಾರರ ಚಿತ್ರವುಳ್ಳ ರಟ್ಟಿನ ಕಾರ್ಡುಗಳೇ ಆ ಸರಕು.

ಬೇಸ್‌ಬಾಲ್ ಎಂಬುದು ಅಮೆರಿಕದ ಜನರಿಗೆ ನಮ್ಮವರಿಗೆ ಕ್ರಿಕೆಟ್ ಇದ್ದಂತೆ. ಮುಂಬದಿಯಲ್ಲಿ ಆಟಗಾರನ ಚಿತ್ರವನ್ನೂ, ಹಿಂಬದಿಯಲ್ಲಿ ಅವನು ಆಡಿದ ಪಂದ್ಯ, ಗಳಿಸಿದ ಓಟ ಮುಂತಾದ ಅಂಕಿಗಳನ್ನೂ ಅಚ್ಚುಹಾಕಿದ, ಎರಡೂವರೆ ಅಂಗುಲ ಅಗಲ ಮೂರೂವರೆ ಅಂಗುಲ ಉದ್ದದ ಈ ಕಾರ್ಡನ್ನು ಅಲ್ಲಿನ ಹುಡುಗರು ನಮ್ಮ ಮಕ್ಕಳು ಬೆಂಕಿಪೊಟ್ಟಣದ ಚಿತ್ರಗಳನ್ನು ಕೂಡಿಡುತ್ತಿದ್ದಂತೆ ಕೂಡಿಡುತ್ತ ಬಂದಿದ್ದಾರೆ. 1880ರ ದಶಕದಲ್ಲಿ ಸಿಗರೇಟಿನ ಪೊಟ್ಟಣ ಮುದುರಿ ಹೋಗದಿರಲೆಂದು ತಯಾರಕರು ಒಳಗೊಂದು ರಟ್ಟಿನ ತುಂಡನ್ನು ಇಡುತ್ತಿದ್ದರು. ಬರಿಯ ರಟ್ಟಿಗಿಂತ ಚಿತ್ರವಿರುವ ರಟ್ಟು ಗಿರಾಕಿಯನ್ನು ಮತ್ತೆ ಅಂಗಡಿಗೆ ಕರೆತರುತ್ತದೆಂಬುದನ್ನು ಅವರು ಬೇಗನೆ ಕಂಡುಕೊಂಡರು. ಕಾಲಕ್ರಮದಲ್ಲಿ ತಂಬಾಕಿನ ಜಾಗಕ್ಕೆ ಬಬಲ್‌ಗಮ್ ಬಂದಿತು. ಸೇದುವವರ ಕೈಯಿಂದ ಕಾರ್ಡು ಅಗಿಯುವವರ ಕೈಗೆ ಇಳಿಯಿತು. ಅದೊಂದು ಸುಧಾರಣೆಯೆಂದೇ ಹೇಳಬೇಕು.

1952ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಟಾಪ್ಸ್ ಎಂಬ ಕಂಪನಿಯು 407 ಕಾರ್ಡುಗಳ ಮಾಲೆಯೊಂದನ್ನು ಕಂತುಕಂತಾಗಿ ಹೊರತಂದಿತು. ಕೊನೆಯ ಕಂತು ಅಂಗಡಿಗೆ ಬರುವ ವೇಳೆಗೆ ಬೇಸ್‌ಬಾಲ್ ಋತು ಮುಗಿಯುತ್ತ ಬಂದಿತ್ತು. ಕೊಳ್ಳುವವರಿಲ್ಲದೆ ಪೆಟ್ಟಿಗೆಗಳು ಉಗ್ರಾಣದಲ್ಲಿ ಉಳಿದವು. ಆ ಮಾಲೆಯನ್ನು ರೂಪಿಸಿದ ಸೈ ಬರ್ಗರ್ ಎಂಬಾತ ಮುಂದೆ ಹೇಳಿಕೊಂಡಂತೆ, ಜಾತ್ರೆಗಳಲ್ಲಿ ಪುಡಿಗಾಸಿಗೆ ಕೊಡಹೋದರೂ ಯಾರೂ ಮುಟ್ಟಲಿಲ್ಲ. ಕಡೆಗೆ 1960ರಲ್ಲಿ ಆ ಪೆಟ್ಟಿಗೆಗಳನ್ನೆಲ್ಲ ದೋಣಿಗೆ ತುಂಬಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಲಾಯಿತು. ಹಾಗೆ ನೀರುಪಾಲಾದ ಕಂತಿನ ಮೊದಲ ಸಂಖ್ಯೆ 311. ಅದರ ಮೇಲಿದ್ದವನು ಮಿಕಿ ಮ್ಯಾಂಟಲ್ ಎಂಬ ತರುಣ ಆಟಗಾರ. ಅದೇ ಸಂಖ್ಯೆಯ, ಮೂಲೆ ಮುಕ್ಕಾಗದ ಒಂದು ಕಾರ್ಡು 2022ರ ಆಗಸ್ಟ್ ತಿಂಗಳಿನ ಹರಾಜಿನಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಮಾರಾಟವಾಯಿತು. ಕಂಪನಿ ಸಮುದ್ರಕ್ಕೆ ಎಸೆದದ್ದು, ಹುಡುಗರು ಸೈಕಲ್ಲಿನ ಚಕ್ರಕ್ಕೆ ಸಿಕ್ಕಿಸಿ ಪಟಪಟನೆ ಸದ್ದು ಮಾಡಿಸಿದ್ದು, ಮಕ್ಕಳು ದೊಡ್ಡವರಾದ ಮೇಲೆ ತಾಯಂದಿರು ಕಸದೊಡನೆ ಹೊರಹಾಕಿದ್ದು, ಇಷ್ಟೆಲ್ಲ ಆದ ಮೇಲೆ ಉಳಿದ ಕೆಲವಕ್ಕೆ ಬಂದ ಬೆಲೆ ಅದು.

ಈ ಬಗೆಯ ಸುದ್ದಿ ಜನರ ಕಿವಿಗೆ ಬಿದ್ದ ಮೇಲೆ ಏನಾಯಿತೆಂಬುದು ಕಥೆಯ ಇನ್ನೊಂದು ಮಗ್ಗುಲು. 1979ರಲ್ಲಿ ಜೇಮ್ಸ್ ಬೆಕೆಟ್ ಎಂಬ ಸಂಖ್ಯಾಶಾಸ್ತ್ರದ ಅಧ್ಯಾಪಕರು ಜೊತೆಗಾರರೊಬ್ಬರೊಡನೆ ಕಾರ್ಡುಗಳ ಬೆಲೆಪಟ್ಟಿಯನ್ನು ಪುಸ್ತಕವಾಗಿ ಪ್ರಕಟಿಸಿದರು. 1984ರಿಂದ ಅವರ ಮಾಸಪತ್ರಿಕೆಯೂ ಹೊರಟಿತು. 1981ರಲ್ಲಿ ಫ್ಲೀರ್, ಡಾನ್‌ರಸ್ ಎಂಬ ಕಂಪನಿಗಳೂ, 1989ರಲ್ಲಿ ಅಪ್ಪರ್ ಡೆಕ್ ಎಂಬುದೂ ಟಾಪ್ಸ್‌ಗೆ ಪೈಪೋಟಿಯಾಗಿ ನಿಂತವು. ಅಚ್ಚುಯಂತ್ರಗಳಿಗೆ ಬಿಡುವಿಲ್ಲದಾಯಿತು. ಹುಡುಗರಷ್ಟೇ ಅಲ್ಲದೆ ಅವರ ತಂದೆಯರೂ ಪೆಟ್ಟಿಗೆಗಟ್ಟಲೆ ಕೊಂಡು, ಮಕ್ಕಳ ಕಾಲೇಜು ಖರ್ಚಿಗೆ ಒದಗೀತೆಂದು ಅಟ್ಟದ ಮೇಲೆ ಜೋಪಾನವಾಗಿ ಇಟ್ಟರು. ಯಾರೂ ಎಸೆಯಲಿಲ್ಲ, ಯಾರೂ ಚಕ್ರಕ್ಕೆ ಸಿಕ್ಕಿಸಲಿಲ್ಲ. ಮೂವತ್ತು ವರ್ಷಗಳ ತರುವಾಯ ಅಟ್ಟದಿಂದ ಇಳಿಸಿ ನೋಡಿದರೆ ಊರೂರಿನ ಅಟ್ಟಗಳಲ್ಲಿಯೂ ಅದೇ ಕಾರ್ಡು ಹೊಸದರಂತೆ ಹೊಳೆಯುತ್ತಿತ್ತು. ಆ ಕಾಲದ ಸರಕನ್ನು ಅಲ್ಲಿನವರು ಹಾಸ್ಯವಾಗಿ ಕಸವೆಂದೇ ಕರೆಯುತ್ತಾರೆ. ಇಂದು ರಾಶಿಯಾಗಿ ಮಾರಾಟಕ್ಕೆ ಬರುವ ಸಾಧಾರಣ ಕಾರ್ಡುಗಳಲ್ಲಿ ಬಹುಪಾಲು ಈ ಸುಗ್ಗಿಯವೇ.

ಈಗ ಅಂಥದೊಂದು ಪೆಟ್ಟಿಗೆಯನ್ನು ನಮ್ಮ ಮುಂದೆ ಇಟ್ಟುಕೊಳ್ಳೋಣ. ನಾಲ್ಕು ಸಾಲುಗಳುಳ್ಳ, 3,200 ಕಾರ್ಡು ಹಿಡಿಸುವ ರಟ್ಟಿನ ಪೆಟ್ಟಿಗೆ ಆ ವ್ಯಾಪಾರದಲ್ಲಿ ಎಲ್ಲರೂ ಬಲ್ಲ ಅಳತೆ. ಹೆಸರಾಂತ ಆಟಗಾರರನ್ನು ಬಿಟ್ಟು ಉಳಿದವರ ಕಾರ್ಡಿಗೆ ಬೆಲೆಪಟ್ಟಿಯಲ್ಲಿ 5 ಸೆಂಟು ಎಂದು ಬರೆದಿದೆ ಎನ್ನೋಣ. 100 ಸೆಂಟಿಗೆ ಒಂದು ಡಾಲರು. ಕನ್ನಡದ ತರಗತಿಯಲ್ಲಿ ಗುಣಾಕಾರವೇ ಎಂದು ಬೇಸರಿಸಬೇಡಿ, ಲೆಕ್ಕ ಸುಲಭವಾಗಿದೆ: 160 ಡಾಲರು. ಮಾರುವವನು ಪುಸ್ತಕವನ್ನು ತೆರೆದು ತೋರಿಸಿ ಈ ಮೊತ್ತವನ್ನು ಕೇಳುತ್ತಾನೆ. ಪಾಪ, ಅವನು ಸುಳ್ಳು ಹೇಳುತ್ತಿಲ್ಲ. ಆದರೆ ಆ 5 ಸೆಂಟು ಯಾವುದರ ಬೆಲೆ ಎಂಬುದನ್ನು ಅವನು ಯೋಚಿಸಿಲ್ಲ. ಯಾವನೋ ಒಬ್ಬನಿಗೆ 457ನೆಯ ಸಂಖ್ಯೆಯ ಕಾರ್ಡೇ ಬೇಕಾಗಿದೆ; ಅಂಗಡಿಯವನು ಸಂಖ್ಯೆಯ ಕ್ರಮದಲ್ಲಿ ಜೋಡಿಸಿಟ್ಟ ಸಾಲಿನಿಂದ ಅದೊಂದನ್ನೇ ಎಳೆದು ಕೊಡುತ್ತಾನೆ. ಅದಕ್ಕೆ ಸಲ್ಲುವುದು 5 ಸೆಂಟು. ಅದರಲ್ಲಿ ರಟ್ಟಿನ ಪಾಲು ಅತ್ಯಲ್ಪ. ಜೋಡಿಸಿದ್ದು, ಕಾದಿಟ್ಟದ್ದು, ಹುಡುಕಿ ಕೊಟ್ಟದ್ದು, ಇವುಗಳ ಪಾಲೇ ಹೆಚ್ಚು.

ಆ ಶ್ರಮವನ್ನೂ ಅಳೆದು ನೋಡಬಹುದು. ಒಂದು ಕಾರ್ಡನ್ನು ಎತ್ತಿ, ಸಂಖ್ಯೆ ನೋಡಿ, ಸರಿಯಾದ ಜಾಗದಲ್ಲಿ ಇಡಲು 5 ಸೆಕೆಂಡು ಸಾಕೆಂದರೂ ಇಡೀ ಪೆಟ್ಟಿಗೆಗೆ 16,000 ಸೆಕೆಂಡು, ಅಂದರೆ ನಾಲ್ಕೂವರೆ ಗಂಟೆಗೆ ಸಮೀಪ. ಗಂಟೆಗೆ 10 ಡಾಲರಿನ ಕೂಲಿ ಹಿಡಿದರೆ 44 ಡಾಲರು ಅದಕ್ಕೇ ಹೋಯಿತು. ಜೋಡಿಸಿದ್ದಾಯಿತು, ಎಲ್ಲವೂ ಬಿಕರಿಯಾಗುತ್ತವೆಯೇ? ವರ್ಷಕ್ಕೆ 100 ಕಾರ್ಡು ಹೋದರೆ ಬರುವುದು 5 ಡಾಲರು, ಪೆಟ್ಟಿಗೆ ಬರಿದಾಗಲು 32 ವರ್ಷ. ಹೀಗಿರುವುದರಿಂದಲೇ ಸುಗ್ಗಿಯ ಕಾಲದ ಸಾಧಾರಣ ಕಾರ್ಡುಗಳ ರಾಶಿಗೆ ಬಲ್ಲವರು ಕಾರ್ಡಿಗೆ ಅರ್ಧ ಸೆಂಟೋ, ಹೆಚ್ಚೆಂದರೆ ಒಂದು ಸೆಂಟೋ ಹೇಳುತ್ತಾರೆ. 160 ಎಂದುಕೊಂಡಿದ್ದವನಿಗೆ 16ರಿಂದ 32 ಡಾಲರು ಕೇಳಿದರೆ ಎದೆ ಧಸಕ್ಕೆನ್ನುವುದು ಸಹಜ. ಆದರೆ ಅದು ಮೋಸವಲ್ಲ. ಇನ್ನೊಂದು ಊರಿಗೆ ಕಳುಹಿಸುವುದಾದರೆ ಸುಮಾರು 6 ಕಿಲೋಗ್ರಾಂ ತೂಗುವ ಆ ಪೆಟ್ಟಿಗೆಯ ಸಾಗಾಣಿಕೆಯ ವೆಚ್ಚವೇ ಒಳಗಿನ ಸರಕನ್ನು ನುಂಗಿಹಾಕೀತು.

ಇಷ್ಟು ಹೇಳಿದ್ದು ಸುಗ್ಗಿಯ ಸರಕಿಗೆ ಮಾತ್ರ. 1950ರ, 1960ರ ದಶಕಗಳ ಕಾರ್ಡಾದರೆ ಹೆಸರಿಲ್ಲದ ಆಟಗಾರನದೂ ಡಾಲರುಗಳ ಮಾತು. ಆದಕಾರಣ ಬೆಲೆ ಹೇಳುವ ಮುನ್ನ ಕಾರ್ಡನ್ನು ತಿರುಗಿಸಿ ಹಿಂಬದಿಯ ಅಂಕಿಗಳನ್ನು ಓದಬೇಕು. ಕೊನೆಯ ಸಾಲು 1986ರದಾಗಿದ್ದರೆ ಕಾರ್ಡು ಸಾಮಾನ್ಯವಾಗಿ 1987ರದು. ಮೂಲೆ ಸವೆದಿದೆಯೇ, ರಬ್ಬರ್ ಪಟ್ಟಿ ಬಿಗಿದು ಅಂಚು ಕೊರೆದಿದೆಯೇ ಎಂಬುದನ್ನೂ ನೋಡಬೇಕು. ನುಣುಪಾದ ಮೆರುಗಿನ ಕಾರ್ಡುಗಳು ತೇವದ ಜಾಗದಲ್ಲಿ ಇದ್ದರೆ ಒಂದಕ್ಕೊಂದು ಅಂಟಿ ಇಟ್ಟಿಗೆಯಾಗಿರುತ್ತವೆ. ಬಿಡಿಸಹೋದರೆ ಒಬ್ಬನ ಮೂಗು ಇನ್ನೊಬ್ಬನ ಬೆನ್ನಿಗೆ ಹತ್ತಿಕೊಂಡು ಬರುತ್ತದೆ.

ಎಲ್ಲಕ್ಕಿಂತ ಸೂಕ್ಷ್ಮವಾದ ಪರೀಕ್ಷೆ ಬೇರೊಂದಿದೆ. ಈ ರಾಶಿಯನ್ನು ಈಗಾಗಲೇ ಯಾರಾದರೂ ಆರಿಸಿದ್ದಾರೆಯೇ? ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿದರೆ ಸಾಕು. ಅಗುಳುಗಳೆಲ್ಲ ಒಂದೇ ಪಾತ್ರೆಯ ಒಂದೇ ನೀರಿನಲ್ಲಿ ಕುದಿದವು. ಪೆಟ್ಟಿಗೆಯೊಳಗಿನ ಕಾರ್ಡುಗಳು ಹಾಗಲ್ಲ. ಬೇರೆ ಬೇರೆ ವರ್ಷ, ಬೇರೆ ಬೇರೆ ಕೈ ಅದನ್ನು ತುಂಬಿರುತ್ತವೆ. ನಾಲ್ಕು ಸಾಲುಗಳಲ್ಲಿಯೂ ಮುಂದೆ, ನಡುವೆ, ಹಿಂದೆ ಒಂದೊಂದು ಹಿಡಿ ತೆಗೆದು ನೋಡಿದರೆ ಮಾತ್ರ ಅದರ ಜಾತಕ ತಿಳಿಯುತ್ತದೆ.

ನಮ್ಮ ಪೆಟ್ಟಿಗೆಯ ತುಂಬ 1987ರ ಟಾಪ್ಸ್ ಮಾಲೆಯೇ ಇದೆಯೆಂದು ಭಾವಿಸೋಣ. ಮರದ ಹಲಗೆಯ ನಾರಿನಂತೆ ಕಾಣುವ ಅಂಚಿನಿಂದ ಅದನ್ನು ದೂರದಿಂದಲೇ ಗುರುತಿಸಬಹುದು. ಆ ಮಾಲೆಯಲ್ಲಿ 792 ಸಂಖ್ಯೆಗಳಿವೆ. 3,200ನ್ನು 792ರಿಂದ ಭಾಗಿಸಿದರೆ ಒಂದೊಂದು ಸಂಖ್ಯೆಗೂ ಸರಾಸರಿ ನಾಲ್ಕು ಪ್ರತಿ. ಮುಂದೆ ಪ್ರಖ್ಯಾತನಾದ ಬ್ಯಾರಿ ಬಾಂಡ್ಸ್ ಅದರಲ್ಲಿ 320ನೆಯವನು. ಮಾರ್ಕ್ ಮಗ್ವಾಯರ್ 366ನೆಯವನು. ಯಾವುದೋ ಒಂದು ಸಂಖ್ಯೆ ಪೆಟ್ಟಿಗೆಯಲ್ಲಿ ಒಮ್ಮೆಯೂ ಕಾಣದಿದ್ದರೆ ಅದು ಆಕಸ್ಮಿಕವಿದ್ದೀತು. ಆದರೆ ಹೆಸರಿಲ್ಲದವರೆಲ್ಲ ಮೂರು, ನಾಲ್ಕು, ಐದು ಸಲ ಎದುರಾಗುತ್ತಿದ್ದು, ಬಾಂಡ್ಸ್, ಮಗ್ವಾಯರ್ ಮತ್ತು ಅವರಂತಹ ಹತ್ತು ಮಂದಿ ಮಾತ್ರ ಒಟ್ಟಿಗೆ ಕಾಣೆಯಾಗಿದ್ದರೆ, ಅಲ್ಲಿ ಆಕಸ್ಮಿಕಕ್ಕೆ ಎಡೆಯಿಲ್ಲ. ಬಲ್ಲ ಕೈಯೊಂದು ಮೊದಲೇ ಬಂದು ಹೋಗಿದೆ. ಹಾಗಿದ್ದೂ ಮಾರುವವನು ‘ಅಟ್ಟದಿಂದ ಇಳಿಸಿದ ಹಾಗೇ ಇದೆ, ಯಾರೂ ಮುಟ್ಟಿಲ್ಲ’ ಎಂದರೆ, ನಮಗೆ ಕಾರ್ಡಿನ ವಿಷಯ ಮಾತ್ರವಲ್ಲದೆ ಅವನ ವಿಷಯವೂ ತಿಳಿದಂತಾಯಿತು. ಇದೇ ಬಗೆಯ ಎಣಿಕೆಯನ್ನು ಗಣಿತದ ಮೇಷ್ಟರು ಸಂಭಾವ್ಯತೆ ಎಂಬ ಹೆಸರಿನಲ್ಲಿ ನಿಮಗೆ ಹೇಳಿಕೊಡುತ್ತಾರೆ. ಅಲ್ಲಿ ದಾಳಗಳು, ಇಲ್ಲಿ ಕಾರ್ಡುಗಳು.

ಇಲ್ಲಿಯವರೆಗೆ ಕೊಳ್ಳುವವನು ಮೋಸಹೋಗದಿರುವ ಬಗೆಯನ್ನು ನೋಡಿದೆವು. ಕೊಳ್ಳುವವನೇ ಬಲ್ಲವನಾಗಿ, ಮಾರುವವನು ಅರಿಯದವನಾಗಿದ್ದರೆ? ರಾಶಿ ಮಾರುವವರಲ್ಲಿ ಗಂಡನನ್ನು ಕಳೆದುಕೊಂಡವರೂ, ಹಿರಿಯರ ಮನೆ ಖಾಲಿಮಾಡುತ್ತಿರುವ ಮಕ್ಕಳೂ ಇರುತ್ತಾರೆ. ಅವರಿಗೆ ಮ್ಯಾಂಟಲನೂ ಒಂದೇ, ಮತ್ತೊಬ್ಬನೂ ಒಂದೇ. ಇಂತಹ ಪ್ರಶ್ನೆಯೊಂದು 1990ರಲ್ಲಿ ಇಲಿನಾಯ್ ರಾಜ್ಯದಲ್ಲಿ ನ್ಯಾಯಾಲಯದ ಮೆಟ್ಟಿಲನ್ನೇ ಏರಿತು. ಎಳೆಯ ಹುಡುಗನೊಬ್ಬ ಕಾರ್ಡಿನ ಅಂಗಡಿಗೆ ಹೋದ. ನೋಲನ್ ರಯಾನ್ ಎಂಬ ಪ್ರಸಿದ್ಧ ಆಟಗಾರನ 1968ರ ಚೊಚ್ಚಲ ಕಾರ್ಡು ಅಲ್ಲಿತ್ತು. ಬೆಲೆ 1,200 ಡಾಲರು. ಆ ಹೊತ್ತು ಅಂಗಡಿಯಲ್ಲಿದ್ದವರು ವ್ಯಾಪಾರಕ್ಕೆ ಹೊಸಬರು. ಚೀಟಿಯ ಮೇಲಿನ ಅಂಕಿಯನ್ನು 12 ಡಾಲರೆಂದು ಓದಿ, ಅಷ್ಟನ್ನೇ ತೆಗೆದುಕೊಂಡು ಕೊಟ್ಟುಬಿಟ್ಟರು. ಮಾಲೀಕ ದಾವೆ ಹೂಡಿದ. ಕೇಳಿದಷ್ಟು ಕೊಟ್ಟಿದ್ದೇನೆ ಎಂಬುದು ಹುಡುಗನ ಪಕ್ಷ. ಅದು ಕೈತಪ್ಪೆಂದು ಅವನಿಗೂ ಗೊತ್ತಿತ್ತು ಎಂಬುದು ಮಾಲೀಕನ ಪಕ್ಷ. ನ್ಯಾಯಾಧೀಶರು ತೀರ್ಪು ಕೊಡಬೇಕಾದ ಪ್ರಸಂಗ ಬರಲಿಲ್ಲ. ಕಾರ್ಡನ್ನು ಹರಾಜು ಹಾಕಿ ಬಂದ ಹಣವನ್ನು ಧರ್ಮಕಾರ್ಯಕ್ಕೆ ಕೊಡುವುದೆಂದು ಇಬ್ಬರೂ ಒಪ್ಪಿಕೊಂಡರು. ಕಾನೂನಿನ ಮಾತು ಏನೇ ಇರಲಿ, ಹಿರಿಯ ವಯಸ್ಸಿನ ವ್ಯಾಪಾರಿಯೊಬ್ಬ ಆ ಹುಡುಗನ ಜಾಗದಲ್ಲಿ ಇದ್ದಿದ್ದರೆ ನನಗೆ ಅವನಲ್ಲಿ ಅಷ್ಟು ಕನಿಕರ ಹುಟ್ಟುತ್ತಿರಲಿಲ್ಲ.

ರಾಶಿಯ ವ್ಯಾಪಾರದಲ್ಲಿ ಈ ತೊಡಕಿಗೆ ನೇರವಾದ ದಾರಿಯೊಂದಿದೆ. ಮಾರುವವರ ಎದುರಿನಲ್ಲಿಯೇ ಪೆಟ್ಟಿಗೆಯನ್ನು ತೆರೆಯುವುದು. ಬೆಲೆಯುಳ್ಳ ಕಾರ್ಡು ಕಂಡರೆ ಅದನ್ನು ಮೇಜಿನ ಮೇಲೆ ಬೇರೆಯಾಗಿ ಇಟ್ಟು, ಇದಕ್ಕೆ ಇಷ್ಟು ಬರುತ್ತದೆ, ನನ್ನ ಲಾಭವನ್ನು ಕಳೆದು ಇಷ್ಟು ಕೊಡುತ್ತೇನೆ ಎಂದು ಹೇಳುವುದು. ಉಳಿದ ಸಾಧಾರಣ ಕಾರ್ಡುಗಳಿಗೆ ಎಣಿಕೆಯ ಮೇಲೆ ಒಂದೇ ದರ ಕಟ್ಟುವುದು. ತನ್ನ ತಿಳಿವಳಿಕೆಗೆ ಅವನು ಕೂಲಿ ಪಡೆಯುವುದು ಸರಿಯೇ. ಪುಸ್ತಕ ಓದಿ, ವರ್ಷಗಟ್ಟಲೆ ಕಣ್ಣು ಸವೆಸಿ ಸಂಪಾದಿಸಿದ ತಿಳಿವಳಿಕೆ ಅದು. ಆದರೆ ಎದುರಿಗೆ ಕುಳಿತವರ ಅರಿಯದಿಕೆಗೂ ಪ್ರತ್ಯೇಕವಾಗಿ ಕೂಲಿ ಪಡೆಯಹೊರಟರೆ ಅದನ್ನು ವ್ಯಾಪಾರವೆನ್ನಲು ನಾಲಗೆ ಏಳುವುದಿಲ್ಲ. ಇತ್ತ ಮಾರುವವರು, ಸತ್ತವರು ಪ್ರೀತಿಯಿಂದ ಕೂಡಿಟ್ಟದ್ದೆಂಬ ಕಾರಣಕ್ಕೆ ಬೆಲೆಯನ್ನು ಏರಿಸಿ ಕೇಳುವುದುಂಟು. ಆ ಪ್ರೀತಿ ನಿಜವಾದದ್ದೇ. ಕೊಳ್ಳುವವನು ಅದಕ್ಕೆ ತಲೆಬಾಗಬಹುದಲ್ಲದೆ ಡಾಲರು ತೆರಲಾರ.

ಹಾಗೆ ಅರ್ಧ ಸೆಂಟಿಗೆ ಹೋದ ಕಾರ್ಡುಗಳು ಕಡೆಗೆ ಎಲ್ಲಿ ಸೇರುತ್ತವೆ? ಕೆಲವು ಎಳೆಯ ಮಕ್ಕಳ ಆಟಕ್ಕೆ ಒದಗುತ್ತವೆ, ಕೆಲವು ಕಾಗದದ ತೊಟ್ಟಿಗೆ. ಇನ್ನು ಕೆಲವು ಅಂಗಡಿಯ ಮೂಲೆಯ ಪೆಟ್ಟಿಗೆಯಲ್ಲಿ ಸಂಖ್ಯೆಯ ಕ್ರಮದಲ್ಲಿ ನಿಂತು ಕಾಯುತ್ತಿರುತ್ತವೆ. ಮಾಲೆಯನ್ನು ಪೂರ್ತಿಗೊಳಿಸುವ ಹಟ ತೊಟ್ಟವರು ಬಿಟ್ಟುಹೋದ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಅಲ್ಲಿಗೆ ಬರುತ್ತಾರೆ. 791 ಸೇರಿ ಒಂದು ಮಾತ್ರ ಉಳಿದವನಿಗೆ ಆ ಒಂದರಲ್ಲಿರುವ ಆಟಗಾರ ಯಾರೆಂಬುದು ಮುಖ್ಯವಲ್ಲ. ಅವನು ಒಂದೇ ಋತು ಆಡಿ ಮರೆಯಾದವನಿರಬಹುದು. ಬೆರಳಿನಿಂದ ಕಾರ್ಡುಗಳನ್ನು ಒಂದೊಂದಾಗಿ ಸರಿಸುತ್ತ, 455, 456 ಎಂದು ಎಣಿಸುತ್ತ ಬಂದು, 457 ಕಂಡೊಡನೆ ಅದನ್ನು ಎಳೆದುಕೊಂಡು, ಕೇಳಿದ 5 ಸೆಂಟನ್ನು ಮರುಮಾತಿಲ್ಲದೆ ಕೊಟ್ಟು ಹೊರಡುತ್ತಾನೆ.