ಬೇಸಿಗೆ ರಜೆಯಲ್ಲಿ ರಿಸರ್ಚ್: ಆದವಾನಿ ವಿದ್ಯಾರ್ಥಿಗಳಿಗೆ ಗೆಲುವಿನ ಸೂತ್ರಗಳು

ಆದವಾನಿಯಲ್ಲಿ ಕೆಮಿಸ್ಟ್ರಿ, ಬಯೋಕೆಮಿಸ್ಟ್ರಿ ಓದುತ್ತಿದ್ದೀರಾ? ಈ ರಜೆ ಲ್ಯಾಬ್‌ಗೆ ಮೀಸಲಿಡಿ. "ಅದೆಲ್ಲ ದೊಡ್ಡ ಕಾಲೇಜಿನವರಿಗೆ" ಎನ್ನುವ ಚಾಳಿ ಇವತ್ತೇ ಬಿಡಿ.

1. ನವೆಂಬರ್‌ನಲ್ಲೇ ಹುಡುಕಿ. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್, ದೆಹಲಿಯ ಇನ್ಸಾ, ಪ್ರಯಾಗರಾಜದ ನಾಸಿ ಅಕಾಡೆಮಿಗಳು, ಮೂರೂ ಸೇರಿ ಸಮ್ಮರ್ ರಿಸರ್ಚ್ ಫೆಲೋಶಿಪ್ ಕೊಡುತ್ತವೆ. ಎರಡು ತಿಂಗಳ ಕೆಲಸ, ಕೈಗೆ ಫೆಲೋಶಿಪ್ ಹಣ. ಅರ್ಜಿ ಸಾಮಾನ್ಯವಾಗಿ ಹಿಂದಿನ ವರ್ಷದ ಕೊನೆಗೇ ಮುಗಿಯುತ್ತದೆ. ಮಾರ್ಚ್‌ನಲ್ಲಿ ಎಚ್ಚೆತ್ತವರಿಗೆ ಸೀಟಿಲ್ಲ.

2. ಫಸ್ಟ್ ಇಯರ್‌ನಲ್ಲೇ ಬೆಂಗಳೂರಿನ ಜಕ್ಕೂರಿನ ಕಡೆ ನೋಡಿ. ಅಲ್ಲಿನ ಜವಾಹರಲಾಲ್ ನೆಹರೂ ಸೆಂಟರ್‌ನ 'ಪ್ರಾಜೆಕ್ಟ್ ಓರಿಯೆಂಟೆಡ್ ಕೆಮಿಕಲ್ ಎಜುಕೇಶನ್' ಬಿಎಸ್ಸಿಯವರಿಗೆಂದೇ ರೂಪಿಸಿದ್ದು. ಬೇಸಿಗೆ ಮೇಲೆ ಬೇಸಿಗೆ ಅದೇ ಲ್ಯಾಬ್ ವಾತಾವರಣದಲ್ಲಿ ಕೈ ಪಳಗುತ್ತದೆ. ಈ ವರ್ಷದ ನೋಟಿಫಿಕೇಶನ್ ಓದಿಯೇ ಅರ್ಜಿ ಹಾಕಿ.

3. ನಿಮ್ಮೂರಿನ ಪ್ರಶ್ನೆ ಬರೆಯಿರಿ. "ಚಿಕ್ಕಂದಿನಿಂದ ವಿಜ್ಞಾನವೆಂದರೆ ಪ್ರಾಣ" ಎಂಬ ಸಾಲು ಹೊಡೆದುಹಾಕಿ. ಎಲ್ಲರ ಅರ್ಜಿಯಲ್ಲೂ ಅದಿರುತ್ತದೆ. ಹತ್ತಿ, ಶೇಂಗಾ ಬರುವ ಮಾರ್ಕೆಟ್ ಯಾರ್ಡ್‌ಗೆ ಹೋಗಿ ನಿಲ್ಲಿ. ಹತ್ತಿಕಾಳಿನಲ್ಲಿ ಗಾಸಿಪಾಲ್ ಎಂಬ ಹಳದಿ ಪಾಲಿಫಿನಾಲ್ ಇದೆ. ದೊಡ್ಡ ಎಮ್ಮೆಯ ರೂಮೆನ್‌ನಲ್ಲಿ (ಮೊದಲ ಹೊಟ್ಟೆಯಲ್ಲಿ) ಅದು ಪ್ರೋಟೀನ್‌ಗೆ ಅಂಟಿ ವಿಷ ತಗ್ಗುತ್ತದೆ, ಕೋಳಿಗೆ ಆ ರಕ್ಷಣೆಯಿಲ್ಲ. ಹಿಂಡಿಯಲ್ಲಿ ಎಷ್ಟು ಉಳಿದಿದೆ? ಅಳೆಯಬಹುದಾದ ಪ್ರಶ್ನೆ! ಶೇಂಗಾ ಸರಿಯಾಗಿ ಒಣಗದಿದ್ದರೆ ಆಸ್ಪರ್ಜಿಲಸ್ ಬೂಷ್ಟು ಬರುತ್ತದೆ, ಅದರ ಹಿಂದೆಯೇ ಅಫ್ಲಾಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಶೇಂಗಾ ಹಿಂಡಿಯ ಜಾಡು ಹಿಡಿದೇ ಈ ವಿಷವನ್ನು ಪತ್ತೆ ಮಾಡಿದರು. ಸ್ಯಾಂಪಲ್‌ನ ಸಾರ ತೆಗೆದು ಟಿಎಲ್‌ಸಿ ಪ್ಲೇಟ್ ಮೇಲೆ ಓಡಿಸಿ, 365 ನ್ಯಾನೋಮೀಟರ್ ಯುವಿ ಬೆಳಕಿನಲ್ಲಿ ನೋಡಿ: ಅಫ್ಲಾಟಾಕ್ಸಿನ್‌ನ ಬಿ ಗುಂಪು ನೀಲಿ, ಜಿ ಗುಂಪು ಹಸಿರು. ಇಷ್ಟು ತಿಳಿದು ಬರೆದ ಅರ್ಜಿಯನ್ನು ಯಾವ ಪ್ರೊಫೆಸರಿಗೂ ಬದಿಗಿಡುವುದು ಕಷ್ಟ.

4. ಮೇಷ್ಟ್ರ ಹತ್ತಿರ ಈಗಲೇ ಹೋಗಿ. ಪ್ರ್ಯಾಕ್ಟಿಕಲ್ಸ್‌ನಲ್ಲಿ ನಿಮ್ಮ ಕೆಲಸ ಕಂಡವರೇ ಗಟ್ಟಿ ರೆಕಮೆಂಡೇಶನ್ ಬರೆಯಬಲ್ಲರು.

5. ಇಂಗ್ಲಿಷ್ ಅಂಜಿಕೆಯನ್ನು ಅಭ್ಯಾಸದಿಂದ ಓಡಿಸಿ. ಕನ್ನಡ ಮೀಡಿಯಂನಿಂದ ಬಂದಿದ್ದರೆ ದಿನಕ್ಕೊಂದು ಅಬ್‌ಸ್ಟ್ರ್ಯಾಕ್ಟ್ ಓದಿ, ಮನೆಯವರಿಗೆ ಕನ್ನಡದಲ್ಲಿ ವಿವರಿಸಿ. ಎಲ್ಲಿ ತಡವರಿಸುತ್ತೀರೋ ಅಲ್ಲಿ ನಿಮಗೆ ಅರ್ಥವಾಗಿಲ್ಲ.

6. ಲ್ಯಾಬ್‌ನಲ್ಲಿ ಶಿಸ್ತು ತೋರಿಸಿ. ನೋಟ್‌ಬುಕ್ ಪೆನ್ನಲ್ಲೇ ಬರೆಯಿರಿ, ತಪ್ಪಿದ್ದನ್ನು ಒಂದೇ ಗೆರೆ ಹೊಡೆದು ಹಾಗೇ ಉಳಿಸಿ. ಬ್ಲ್ಯಾಂಕ್ ಇಲ್ಲದೆ ರೀಡಿಂಗ್ ತೆಗೆಯಬೇಡಿ. ಪ್ರತಿ ಸ್ಯಾಂಪಲ್ ಮೂರು ಸಲ ಮಾಡಿ. ಒಂದೇ ಅಂಕಿಯನ್ನು ಯಾರೂ ನಂಬುವುದಿಲ್ಲ.

7. ದೂರದ ನೆಪ ಹೇಳಬೇಡಿ. ಆದವಾನಿ ಸ್ಟೇಷನ್‌ನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ನೇರ ಬೆಂಗಳೂರು. ಇವತ್ತು ಸಂಜೆಯೇ ಕೂತು ಅರ್ಜಿಯ ಮೊದಲ ಸಾಲು ಬರೆಯಿರಿ.