ಮಗುವಿನ ಕೈಗೆ ಯಂತ್ರ ಬಂದಾಗ

ತರಗತಿಗೆ ಕಂಪ್ಯೂಟರ್ ಬಂದಿದೆ, ಗೋಡೆಯ ಮೇಲೆ ಚಿತ್ರ ಮೂಡಿಸುವ ಪ್ರೊಜೆಕ್ಟರ್ ಬಂದಿದೆ, ಅಧ್ಯಾಪಕರ ಕೈಯಲ್ಲಿ ಸ್ಮಾರ್ಟ್‌ಫೋನ್ ಇದೆ. ಇಷ್ಟಾದರೂ ಕೊನೆಯ ಬೆಂಚಿನ ಹುಡುಗ ಆಕಳಿಸುವುದು ನಿಂತಿಲ್ಲ. ಏಕೆ? ಪ್ರಿಯ ಓದುಗರೇ, ನಿಮ್ಮಲ್ಲಿ ಅಧ್ಯಾಪಕರೂ ಇದ್ದೀರಿ, ಶಾಲೆಗೆ ಹೋಗುವ ಮಕ್ಕಳ ತಂದೆತಾಯಂದಿರೂ ಇದ್ದೀರಿ. ಈ ಪ್ರಶ್ನೆಯನ್ನು ಸ್ವಲ್ಪ ತಾಳ್ಮೆಯಿಂದ ವಿಚಾರಿಸೋಣ.

ಪಾಠದ ವಿಡಿಯೋ ಹಾಕಿದಾಗ ಮಗುವಿಗೆ ಇರುವ ಕೆಲಸ ಒಂದೇ, ನೋಡುವುದು. ಕಪ್ಪುಹಲಗೆಯ ಜಾಗಕ್ಕೆ ಬಣ್ಣದ ಹಲಗೆ ಬಂತು, ಅಷ್ಟೇ. ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿದ್ದ ಗಣಿತಜ್ಞ ಸೀಮೋರ್ ಪ್ಯಾಪರ್ಟ್ 1980ರಲ್ಲಿ ಪ್ರಕಟಿಸಿದ 'ಮೈಂಡ್‌ಸ್ಟಾರ್ಮ್ಸ್' ಪುಸ್ತಕದಲ್ಲಿ ಈ ವಿಷಯವನ್ನೇ ಎತ್ತಿಕೊಂಡರು. ಕಂಪ್ಯೂಟರು ಮಗುವನ್ನು ಆಡಿಸಬಾರದು, ಮಗುವೇ ಅದಕ್ಕೆ ಕೆಲಸ ಹೇಳಬೇಕು ಎಂಬುದು ಅವರ ವಾದದ ತಿರುಳು. ಅವರೂ ಸಂಗಡಿಗರೂ 1967ರಲ್ಲಿ ಮಕ್ಕಳಿಗಾಗಿ ರೂಪಿಸಿದ 'ಲೋಗೊ' ಭಾಷೆಗೆ ಮುಂದೆ ಒಂದು ಆಮೆ ಸೇರಿಕೊಂಡಿತು. ಮುಂದೆ ಹೋಗು, ಬಲಕ್ಕೆ ತಿರುಗು ಎಂದು ಮಗು ಆಜ್ಞೆ ಕೊಟ್ಟರೆ ಆಮೆ ನಡೆದ ದಾರಿಯೇ ಚಿತ್ರವಾಗುತ್ತಿತ್ತು. ಅದೇ ಸಂಸ್ಥೆಯಿಂದ 2007ರಲ್ಲಿ ಹೊರಬಂದ 'ಸ್ಕ್ರ್ಯಾಚ್' ಕೂಡ ಈ ವಂಶದ ಕೂಸೇ.

ನಮ್ಮ ಪ್ರೌಢಶಾಲೆಗಳಿಗೆ ಹತ್ತಿರದ ಉದಾಹರಣೆಯೆಂದರೆ 'ಜಿಯೋಜಿಬ್ರಾ'. ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಸಾಲ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಈ ಸಾಧನ ಶಾಲೆಗಳಿಗೆ ಉಚಿತ. ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂಬ ಪಾಠವನ್ನೇ ತೆಗೆದುಕೊಳ್ಳಿ. ಮಕ್ಕಳು ಒಂದು ತ್ರಿಭುಜ ರಚಿಸಿ, ಮೂರು ಕೋನಗಳನ್ನೂ ಅಳೆಯಲಿ. ಆಮೇಲೆ ಒಂದು ಶೃಂಗವನ್ನು ಹಿಡಿದು ಎಳೆಯಲಿ. ಆದರೆ ಎಳೆಯುವ ಮೊದಲು ಕೇಳಿರಿ: "ಮೊತ್ತ ಹೆಚ್ಚಾಗುತ್ತದೋ, ಕಡಿಮೆಯಾಗುತ್ತದೋ? ಪುಸ್ತಕದಲ್ಲಿ ಬರೆದಿಡಿ." ಈ ಒಂದು ಪ್ರಶ್ನೆಯನ್ನು ಬಿಟ್ಟರೆ ಪಾಠ ಬರೀ ಆಟವಾಗುತ್ತದೆ. ತ್ರಿಭುಜ ಉದ್ದವಾಗಲಿ, ಚಪ್ಪಟೆಯಾಗಲಿ, ಮೊತ್ತ ಮಾತ್ರ ಅಲುಗದು. ಒಮ್ಮೊಮ್ಮೆ ಪರದೆಯ ಅಂಕಿಗಳನ್ನು ಕೂಡಿದರೆ 179.99 ಅಥವಾ 180.01 ಬರುವುದುಂಟು. ಚುರುಕಾದ ಮಗು ಇದನ್ನು ಹಿಡಿದು "ಟೀಚರ್, ತಪ್ಪು!" ಎಂದು ಕೂಗಿದರೆ ಗದರಬೇಡಿ. ಯಂತ್ರ ದಶಮಾಂಶಗಳನ್ನು ಹತ್ತಿರದ ಅಂಕಿಗೆ ಸರಿಹೊಂದಿಸಿ ತೋರಿಸುತ್ತದೆ ಎಂದು ವಿವರಿಸಲು, ಅಳತೆ ಬೇರೆ, ಸಾಧನೆ ಬೇರೆ ಎಂದು ತಿಳಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗಲಾರದು. ಆಗ ಶೃಂಗದ ಮೂಲಕ ಪಾದಕ್ಕೆ ಸಮಾನಾಂತರ ರೇಖೆ ಎಳೆದು, ಹಲಗೆಯ ಮೇಲೆ ಸೀಮೆಸುಣ್ಣದಲ್ಲೇ ಸಾಧಿಸಿ ತೋರಿಸಿರಿ. ಕಾರಣ ತಿಳಿಯಬೇಕೆಂಬ ಹಸಿವು ಮಕ್ಕಳಲ್ಲಿ ಆಗಲೇ ಹುಟ್ಟಿರುತ್ತದೆ.

ಕಂಪ್ಯೂಟರ್ ಕೊಠಡಿಯೇ ಇಲ್ಲದ ಶಾಲೆ ಏನು ಮಾಡಬೇಕು? ಒಂದು ಫೋನ್ ಸಾಕು. ಹೆಸರುಕಾಳನ್ನು ಒದ್ದೆ ಹತ್ತಿಯ ಮೇಲಿಟ್ಟು, ಫೋನನ್ನು ದಿನವೂ ಒಂದೇ ಜಾಗದಲ್ಲಿ ನಿಲ್ಲಿಸಿ, ಬೆಳಿಗ್ಗೆ ಒಂದು, ಸಂಜೆ ಒಂದು ಚಿತ್ರ ತೆಗೆಯಿರಿ. ಫೋನ್ ಇಡುವ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿಡಿ. ಹತ್ತು ದಿನಗಳ ಇಪ್ಪತ್ತು ಚಿತ್ರಗಳನ್ನು ಬೇಗಬೇಗನೆ ಒಂದರ ಹಿಂದೊಂದು ತೋರಿಸಿದರೆ ಬೇರು ಕೆಳಗಿಳಿಯುವುದೂ ಮೊಳಕೆ ಮೇಲೇಳುವುದೂ ಕಣ್ಣೆದುರೇ ನಡೆಯುತ್ತದೆ.

ಕನ್ನಡ ಪಾಠಕ್ಕೆ ಫೋನಿನ ಧ್ವನಿಮುದ್ರಣವೇ ಸಾಕು. ಗದ್ಯದ ಒಂದು ಪ್ರಸಂಗವನ್ನು ಬಾನುಲಿ ನಾಟಕವಾಗಿಸಲಿ. "ಇನ್ನೊಮ್ಮೆ ಓದು" ಎಂದು ಅಧ್ಯಾಪಕರು ಹೇಳಿದರೆ ಮುಖ ಸಿಂಡರಿಸುವ ಮಗು, ತನ್ನ ಧ್ವನಿಯನ್ನು ತಾನೇ ಕೇಳಿ, 'ಹಾಲು' 'ಆಲು' ಆದದ್ದನ್ನು ಗುರುತಿಸಿ, ಯಾರೂ ಹೇಳದೆ ನಾಲ್ಕು ಸಲ ಓದುತ್ತದೆ. ಎದ್ದು ನಿಂತರೆ ನಾಲಿಗೆ ಕಟ್ಟಿಹೋಗುವ ಮಕ್ಕಳಿಗಂತೂ ಇದು ವರವೇ ಸರಿ. ಖಾಲಿ ಕೊಠಡಿಯಲ್ಲಿ ಧ್ವನಿ ಮಾರ್ದನಿಸುತ್ತದೆ. ಸುತ್ತ ಒಂದೆರಡು ಬೆಡ್‌ಶೀಟ್ ತೂಗುಹಾಕಿದರೆ ಎಷ್ಟೋ ವಾಸಿ.

ಇಲ್ಲಿ ಒಂದು ಅಪಾಯವನ್ನು ಹೇಳಲೇಬೇಕು. ಗುಂಪಿಗೆ ಒಂದೇ ಯಂತ್ರವಿದ್ದಾಗ, ಮನೆಯಲ್ಲಿ ಅದನ್ನು ಬಳಸಿ ಪಳಗಿದ ಮಗುವೇ ಹಿಡಿದುಕೊಂಡು ಕೂರುತ್ತದೆ. ಮನೆಯಲ್ಲಿ ಫೋನಿಲ್ಲದ ಮಗು, ಯಾರಿಗೆ ಇದು ಹೆಚ್ಚು ಬೇಕಿತ್ತೋ ಆ ಮಗುವೇ, ಭುಜದ ಮೇಲಿಂದ ಇಣುಕುತ್ತಾ ನಿಲ್ಲುತ್ತದೆ. ಅಧ್ಯಾಪಕರು ಗಡಿಯಾರ ನೋಡಿ ಕೈ ಬದಲಿಸಲೇಬೇಕು. ಯುನೆಸ್ಕೋ ಸಂಸ್ಥೆ ಕೂಡ 2023ರ ತನ್ನ ಶಿಕ್ಷಣ ವರದಿಯಲ್ಲಿ, ತಂತ್ರಜ್ಞಾನವನ್ನು ಕಲಿಯುವವರ ಹಿತ ನೋಡಿ ಬಳಸಬೇಕೆಂದೂ ಅದು ಅಧ್ಯಾಪಕರ ಸ್ಥಾನ ತುಂಬಬಾರದೆಂದೂ ಎಚ್ಚರಿಸಿದೆ. ಮಕ್ಕಳ ಮುಖವಿರುವ ಚಿತ್ರಗಳನ್ನು ವಾಟ್ಸ್ಆ್ಯಪ್ ಗುಂಪುಗಳಿಗೆ ಹರಿಯಬಿಡುವ ಚಪಲವೂ ಬೇಡ.

ತಂದೆತಾಯಂದಿರೇ, "ಶಾಲೆಯಲ್ಲೂ ಮೊಬೈಲೇ?" ಎಂಬ ನಿಮ್ಮ ಆಕ್ಷೇಪ ನ್ಯಾಯವಾದದ್ದೇ. ಹಾಗೆ ಕೇಳುವಾಗ, ಅದರಲ್ಲಿ ಮಗು ಮಾಡಿದ್ದೇನು ಎಂದೂ ಕೇಳಿರಿ. ಮಾಡಿದ್ದನ್ನು ತೋರಿಸಲು ಹೇಳಿರಿ.

ಅಂಕ ಕೊಡುವ ವಿಚಾರದಲ್ಲಿ ಅಧ್ಯಾಪಕರಿಗೆ ಒಂದು ಮಾತು. ಬಣ್ಣ, ಸಂಗೀತ, ಅಲಂಕಾರಗಳಿಗೆ ಮರುಳಾಗಬೇಡಿ. ಕೆಲಸ ಮುಗಿದ ಮೇಲೆ ಪ್ರತಿಯೊಂದು ಮಗುವೂ ಬೇರೆಬೇರೆಯಾಗಿ ಮೂರು ಸಾಲು ಬರೆಯಲಿ: ಏನು ಮಾಡಿದೆ, ಎಲ್ಲಿ ಎಡವಿದೆ, ಹೇಗೆ ಸರಿಪಡಿಸಿದೆ. ಆ ಮೂರು ಸಾಲುಗಳನ್ನು ಓದಿ ಅಂಕ ಕೊಡಿ.