ಹಂದಿಮರಿಗಳ ವೈರಲ್ ಭೇದಿ: ಪುಡಿಗಿಂತ ಮೊದಲು ಹಾಲು, ನೀರು, ಬಿಸಿ

ಬಾಲದ ಬುಡಕ್ಕೆ ಮೆತ್ತಿಕೊಂಡ ಬಿಳಿ-ಹಳದಿ ಮಲ, ಅದರಲ್ಲಿ ಮೊಸರಿನಂಥ ಗಂಟುಗಳು. ಹೀಗೆ ಕಂಡರೆ ಮರಿ ಕುಡಿದ ಹಾಲು ಅರಗುತ್ತಿಲ್ಲ ಎಂದರ್ಥ. ಒಂದರಿಂದ ಆರು ವಾರದ ಮರಿಗಳಲ್ಲಿ ಇದಕ್ಕೆ ಸಾಮಾನ್ಯ ಕಾರಣಗಳಲ್ಲಿ ಒಂದು ರೋಟಾ ವೈರಸ್. ಹಾಲನ್ನು ಹೀರಿಕೊಳ್ಳುವ ಸಣ್ಣಕರುಳಿನ ಒಳಪದರವನ್ನೇ ಅದು ಸವೆಸುತ್ತದೆ. ಮರಿಗಳು ಹೆಚ್ಚಾಗಿ ಸಾಯುವುದು ಮೈಯ ನೀರು, ಲವಣ ಬಸಿದುಹೋಗಿ. ವೈರಸ್ಸನ್ನು ಕೊಲ್ಲುವ ಶಕ್ತಿ ಆ್ಯಂಟಿಬಯಾಟಿಕ್‌ಗೂ ಇಲ್ಲ, ‘ಇಮ್ಯುನಿಟಿ’ ಪುಡಿಗಳಿಗೂ ಇಲ್ಲ. ಹಾಗಾಗಿ ಆರೈಕೆ ಈ ಕ್ರಮದಲ್ಲಿರಲಿ.

1. ಹುಟ್ಟಿದ ದಿನವೇ ಗಿಣ್ಣುಹಾಲು
ಹಂದಿಗಳಲ್ಲಿ ತಾಯಿಯ ರೋಗನಿರೋಧಕ ಶಕ್ತಿ ಗರ್ಭದಲ್ಲಿ ಮರಿಗೆ ದಾಟುವುದಿಲ್ಲ, ಗಿಣ್ಣುಹಾಲಿನಿಂದಲೇ ಬರಬೇಕು. ಅದನ್ನು ರಕ್ತಕ್ಕೆ ಸೇರಿಸಿಕೊಳ್ಳುವ ಶಕ್ತಿ 24 ಗಂಟೆ ಕಳೆಯುವಷ್ಟರಲ್ಲಿ ಕರುಳಿಗೆ ಬಹುಪಾಲು ಇರುವುದಿಲ್ಲ. ಆ ಅವಧಿಯಲ್ಲಿ ಮರಿಯೊಂದಕ್ಕೆ 200–250 ಗ್ರಾಂ ಸಿಗಬೇಕು. ಹೊಟ್ಟೆ ತುಂಬಿದ ದಪ್ಪ ಮರಿಗಳನ್ನು ಗಂಟೆ ಹೊತ್ತು ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಸಣಕಲು ಮರಿಗಳನ್ನು ಮುಂದಿನ ಮೊಲೆಗಳಿಗೆ ಬಿಡಿ. ಚೀಪಲಾಗದ ಮರಿಗೆ ಗಿಣ್ಣು ಹಿಂಡಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ತೊಟ್ಟುತೊಟ್ಟಾಗಿ ಕುಡಿಸಿ.

2. ಭೇದಿ ಕಂಡೊಡನೆ ಓಆರ್‌ಎಸ್
ಪಕ್ಕೆಯ ಚರ್ಮ ಚಿವುಟಿ ಬಿಡಿ. ಮಡಿಕೆ ತಕ್ಷಣ ಇಳಿಯದಿದ್ದರೆ, ಕಣ್ಣು ಗುಳಿಬಿದ್ದಿದ್ದರೆ ಮೈಯಲ್ಲಿ ನೀರಿಲ್ಲ. ಪೊಟ್ಟಣದಲ್ಲಿ ಬರೆದ ಅಳತೆಯಷ್ಟೇ ಕುದಿಸಿ ಆರಿಸಿದ ನೀರಿನಲ್ಲಿ ಓಆರ್‌ಎಸ್ ಕದಡಿ, ಆಳವಿಲ್ಲದ ಅಗಲ ತಟ್ಟೆಯಲ್ಲಿಡಿ. ಗಟ್ಟಿಯಾಗಿ ಕಲಸಬೇಡಿ, ಉಪ್ಪು ಹೆಚ್ಚಾದರೆ ಮಿದುಳಿಗೇ ಪೆಟ್ಟು. 24 ಗಂಟೆಯೊಳಗೆ ಮುಗಿಯದ್ದನ್ನು ಚೆಲ್ಲಿ. ತಾಯಿಹಾಲು ನಿಲ್ಲಿಸಬೇಡಿ, ಅದರಲ್ಲಿರುವ ಪ್ರತಿಕಾಯಗಳು ಕರುಳಿನೊಳಗೇ ವೈರಸ್ಸನ್ನು ತಡೆಯುತ್ತವೆ.

3. ಮೈ ಬೆಚ್ಚಗಿರಲಿ
ಮೊದಲ ವಾರ ಮರಿಗಳು ಮಲಗುವ ಜಾಗದಲ್ಲಿ 32–34 ಡಿಗ್ರಿ ಸೆಲ್ಸಿಯಸ್ ಬೇಕು. ಒಂದರ ಮೇಲೊಂದು ಗುಪ್ಪೆ ಬಿದ್ದಿದ್ದರೆ ಚಳಿ. ಬಿಸಿಗೆಂದು ಹಾಕಿದ ಬಲ್ಬಿನಿಂದ ದೂರ ಸರಿದಿದ್ದರೆ ಸೆಕೆ. ಒಣ ಹುಲ್ಲು ಹಾಸಿ, ಒದ್ದೆಯಾದಾಗೆಲ್ಲ ಬದಲಿಸಿ.

4. ಪೂರಕಗಳ ಸರದಿ
ಪ್ರೋಬಯಾಟಿಕ್: ಲ್ಯಾಕ್ಟೋಬ್ಯಾಸಿಲಸ್ ಅಥವಾ ಯೀಸ್ಟ್ ಇರುವವು ಕರುಳು ಚೇತರಿಸಿಕೊಳ್ಳಲು ನೆರವಾಗಬಲ್ಲವು. ಬಿಸಿ ನೀರಿಗೆ ಹಾಕಿದರೆ ಅವು ಸಾಯುತ್ತವೆ.

ಮೊಟ್ಟೆಯ ಪ್ರತಿಕಾಯ: ನಿರ್ದಿಷ್ಟ ರೋಗಾಣುವಿನ ಲಸಿಕೆ ಹಾಕಿದ ಕೋಳಿಯ ಮೊಟ್ಟೆಯಿಂದ ಮಾಡಿದ ಪುಡಿಯಿದು. ಯಾವ ರೋಗಾಣುವಿಗೆ ಎಂದು ಲೇಬಲ್ ನೋಡಿ ಕೊಳ್ಳಿ. ಮನೆಯ ಮೊಟ್ಟೆ ಈ ಕೆಲಸಕ್ಕೆ ಬಾರದು.

ಸತು: ಹಾಲು ಬಿಟ್ಟ ಮರಿಗಳ ಭೇದಿ ತಡೆಯಲು ಮೇವಿನಲ್ಲಿ ಹೆಚ್ಚು ಪ್ರಮಾಣದ ಜಿಂಕ್ ಆಕ್ಸೈಡ್ ಬೆರೆಸುವ ರೂಢಿಯಿತ್ತು. ಗೊಬ್ಬರದ ಮೂಲಕ ಮಣ್ಣಿಗೆ ಸೇರುತ್ತದೆಂಬ ಕಾರಣಕ್ಕೆ ಐರೋಪ್ಯ ಒಕ್ಕೂಟ 2022ರಿಂದ ಈ ಔಷಧ ಬಳಕೆ ನಿಲ್ಲಿಸಿದೆ. ನೀವೇ ಅಳೆದು ಹಾಕಬೇಡಿ.

ವಿಟಮಿನ್ ಇ–ಸೆಲೆನಿಯಂ: ಸೆಲೆನಿಯಂ ಸ್ವಲ್ಪ ಹೆಚ್ಚಾದರೂ ವಿಷ. ಪಶುವೈದ್ಯರು ಹೇಳಿದಷ್ಟೇ ಕೊಡಿ.

5. ಗೂಡಿನ ಶುದ್ಧಿ
ರೋಟಾ ವೈರಸ್ ಮಲದಲ್ಲಿ ಬಹುಕಾಲ ಉಳಿಯುತ್ತದೆ. ಮೊದಲು ಸಗಣಿ ಕೆರೆದು, ಸೋಪಿನ ನೀರಿನಿಂದ ಉಜ್ಜಿ, ಒಣಗಿಸಿ, ಆಮೇಲೆ ಬ್ಲೀಚಿಂಗ್ ಪುಡಿಯ ದ್ರಾವಣ ಬಳಸಿ. ಕೊಳೆಯ ಮೇಲೆಯೇ ಸುರಿದರೆ ಪುಡಿ ದಂಡ. ಆರೋಗ್ಯವಾಗಿರುವ ಮರಿಗಳ ಕೆಲಸ ಮುಗಿಸಿಯೇ ಕಾಯಿಲೆಯ ಗೂಡಿಗೆ ಹೋಗಿ.

6. ಕಾಯದೆ ಕರೆಯಬೇಕಾದ ಹೊತ್ತು
ಮರಿ ಕುಡಿಯುವುದನ್ನೇ ಬಿಟ್ಟರೆ, ಮಲದಲ್ಲಿ ರಕ್ತವಿದ್ದರೆ, ವಾಂತಿಯ ಜೊತೆ ಭೇದಿ ಎಲ್ಲ ವಯಸ್ಸಿನ ಹಂದಿಗಳಿಗೂ ಹಬ್ಬಿದರೆ ಪಶುವೈದ್ಯರಿಗೆ ತಿಳಿಸಿ, ಸಹಾಯವಾಣಿ 1962. ದೊಡ್ಡ ಹಂದಿಗಳೂ ಜೋರು ಜ್ವರ ಬಂದು ಸಾಯುತ್ತಿದ್ದರೆ ಆಫ್ರಿಕನ್ ಹಂದಿ ಜ್ವರ ಇರಬಹುದು. ಪರೀಕ್ಷೆಯಾಗುವವರೆಗೆ ಒಂದೂ ಹಂದಿಯನ್ನು ಮಾರಬೇಡಿ, ಕಡಿಯಬೇಡಿ, ಸಾಗಿಸಬೇಡಿ.